ಕುಂದಗೋಳದ ಸವಾಯಿ ಗಂಧರ್ವರು: ರಿಯಾಜು, ಲಕ್ವಾ ಮತ್ತು ಶಿಷ್ಯರ ಕಂಠ

ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೋಗುವ ರೈಲುಹಾದಿಯಲ್ಲಿ ಸುಮಾರು 20 ಕಿಲೋಮೀಟರ್ ದೂರಕ್ಕೆ ಕುಂದಗೋಳ ಸಿಗುತ್ತದೆ. ಸುತ್ತ ಹತ್ತಿ, ಮೆಣಸಿನಕಾಯಿ, ಜೋಳ ಬೆಳೆಯುವ ಎರೆಭೂಮಿ. ಸ್ವಾತಂತ್ರ್ಯಕ್ಕೆ ಮೊದಲು ಇದು ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರಾಗಿತ್ತು. ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆ ದಕ್ಷಿಣದಲ್ಲಿ ಬೇರುಬಿಟ್ಟಿದ್ದು ಈ ಊರಿನ ನಾಡಿಗೇರ ವಾಡೆಯಲ್ಲಿ. ಆ ಕೆಲಸದ ನಡುವೆ ನಿಂತವರು ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರ್ (1886–1952). ಅವರ ಬದುಕಿನ ಕೊನೆಯ ಹತ್ತು ವರ್ಷಗಳನ್ನು ಪಾರ್ಶ್ವವಾಯು ಆವರಿಸಿಕೊಂಡಿತು. ಮೈಫಿಲು ನಿಂತುಹೋಯಿತು, ಗಾಯಕಿ ಮಾತ್ರ ನಿಲ್ಲಲಿಲ್ಲ. ಅದಕ್ಕೆ ಅವರು ಕಲಿಸಿದ ಕ್ರಮವೇ ಮುಖ್ಯ ಕಾರಣ ಎಂಬುದು ಈ ಲೇಖಕನ ನಂಬಿಕೆ.

ಒಡೆದ ದನಿಯ ಹುಡುಗ

ರಾಮಭಾವು ಹುಟ್ಟಿದ್ದು 1886ರ ಜನವರಿ 19ರಂದು. ಮನೆತನದ ಹೆಸರು ಸಂಶಿ. ತಂದೆ ಗಣೇಶ ಸಂಶಿ ಅವರು ಊರಿನ ಜಹಗೀರುದಾರ ರಂಗನಗೌಡ ನಾಡಿಗೇರರಲ್ಲಿ ಕಾರಕೂನಿಕೆ ಮಾಡುತ್ತಿದ್ದರು. ಮಗನ ದನಿ ಸೊಗಸಾಗಿದೆ ಎಂದು ಬಲವಂತರಾವ್ ಕೋಲ್ಹಟ್ಕರ್ ಅವರ ಬಳಿ ಪಾಠಕ್ಕೆ ಬಿಟ್ಟರು. ಕೋಲ್ಹಟ್ಕರ್ 1898ರಲ್ಲಿ ತೀರಿಕೊಂಡಾಗ ಹುಡುಗನಿಗೆ ಹನ್ನೆರಡು ವರ್ಷ. ಮುಂದೆ ಮೈಸೂರಿನ ಕಡೆಗೆ ಓಡಾಡುತ್ತಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು ನಾಡಿಗೇರ ವಾಡೆಯಲ್ಲಿ ಇಳಿದುಕೊಂಡಾಗ ರಾಮಭಾವು ಅವರ ಶಿಷ್ಯನಾದ. ಎಂಟು ವರ್ಷ ಬಿಡದೆ ಕಲಿಯಬೇಕೆಂಬುದು ಗುರುವಿನ ಕರಾರು.

ಹರೆಯಕ್ಕೆ ಬರುವಾಗ ಹುಡುಗನ ಕಂಠ ಒಡೆದು ಗಡಸಾಯಿತು. ಗಂಡುಮಕ್ಕಳಲ್ಲಿ ಈ ವಯಸ್ಸಿಗೆ ಧ್ವನಿಪೆಟ್ಟಿಗೆ ದೊಡ್ಡದಾಗಿ, ಸ್ವರತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ದನಿ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಕೆಲವರಿಗೆ ಆರು ತಿಂಗಳಲ್ಲಿ ಅದು ಹದಕ್ಕೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಖಾನ್ ಸಾಹೇಬರ ತೆಳುವಾದ, ನೂಲಿನೆಳೆಯಂಥ ಕಂಠದ ಮುಂದೆ ಶಿಷ್ಯನ ದನಿ ಒರಟಾಗಿ ಕೇಳುತ್ತಿತ್ತು. ಅದನ್ನು ಪಳಗಿಸಲು ಮಂದ್ರದ ಸ್ವರಗಳಲ್ಲಿ ನಿಂತು ತಾಸುಗಟ್ಟಲೆ ಷಡ್ಜ ಹಚ್ಚುವ ಖರ್ಜದ ಸಾಧನೆಯೇ ದಾರಿಯಾಯಿತು. ಮುಂದೆ ದೊಡ್ಡ ಗಾಯಕರಾದ ಮೇಲೂ ಅವರ ಕಂಠ ಕಛೇರಿಯ ಆರಂಭದಲ್ಲಿ ಬೇಗ ತೆರೆಯುತ್ತಿರಲಿಲ್ಲ. ಕೇಳುಗರು ಸ್ವಲ್ಪ ಹೊತ್ತು ಕಾಯಬೇಕಾಗುತ್ತಿತ್ತು, ಕಾದವರಿಗೆ ಮೋಸವಾಗುತ್ತಿರಲಿಲ್ಲ. ದೇಹ ಹೇಳಿದಂತೆ ಕೇಳದಿದ್ದರೂ ಕೆಲಸ ಬಿಡಬಾರದೆಂಬುದನ್ನು ರಾಮಭಾವು ಹೀಗೆ ಲಕ್ವಾ ಹೊಡೆಯುವುದಕ್ಕೆ ದಶಕಗಳ ಮೊದಲೇ ಅರಿತಿದ್ದರು.

ರಂಗಭೂಮಿಯ ವರ್ಷಗಳು

ಗುರುವಿಗೆ ಒಪ್ಪಿಗೆ ಇಲ್ಲದಿದ್ದರೂ ಅವರು ಮರಾಠಿ ಸಂಗೀತ ನಾಟಕಕ್ಕೆ ಹೋದರು. ನಾಟ್ಯಕಲಾ ಪ್ರವರ್ತಕ ಮಂಡಳಿಯಲ್ಲಿ ಸ್ತ್ರೀಪಾತ್ರ ಮಾಡಿ ಹೆಸರು ಗಳಿಸಿದರು. ಅಲ್ಲಿ ‘ಸೌಭದ್ರ’ದ ಸುಭದ್ರೆ ಜನರ ಬಾಯಲ್ಲಿ ಉಳಿದ ಪಾತ್ರ. ಆ ಕಾಲದಲ್ಲಿ ಗಾಯಕನಟ ಬಾಲಗಂಧರ್ವರು ಮಹಾರಾಷ್ಟ್ರದ ರಂಗಭೂಮಿಯನ್ನೇ ಆಳುತ್ತಿದ್ದರು. ಅವರಿಗೂ ಒಂದು ಕೈ ಮಿಗಿಲು ಎಂದು ಅಮರಾವತಿಯ ದಾದಾಸಾಹೇಬ ಖಾಪರ್ಡೆ ಅವರು ಕೊಟ್ಟ ಬಿರುದೇ ಸವಾಯಿ ಗಂಧರ್ವ. ನಾಟಕ ಕಂಪನಿಯ ತಿರುಗಾಟದಲ್ಲಿ ರಾತ್ರಿ ಪೂರ್ತಿ ಪ್ರಯೋಗ, ಹಗಲು ಪ್ರಯಾಣ, ಊರೂರಿನ ಊಟ. ಕಂಠಕ್ಕೂ ಮೈಗೂ ಬಿಡುವಿಲ್ಲದ ಜೀವನ ಅದು. 1930ರ ದಶಕದಲ್ಲಿ ಅದನ್ನೆಲ್ಲ ಬಿಟ್ಟು ಕುಂದಗೋಳದಲ್ಲಿ ನೆಲೆನಿಂತ ಮೇಲೆ ಕಲಿಸುವ ಕಾಲ ಶುರುವಾಯಿತು.

ಮೂರು ರಾಗ

1936ರಲ್ಲಿ ಭೀಮಸೇನ ಜೋಶಿ ಎಂಬ ಹದಿಹರೆಯದ ಹುಡುಗ ಮನೆಬಿಟ್ಟು ಉತ್ತರ ಭಾರತವನ್ನೆಲ್ಲ ಅಲೆದು ಮರಳಿ ಇಲ್ಲಿಗೆ ಬಂದ. ಸುಮಾರು 1940ರ ತನಕ ಗುರುಮನೆಯಲ್ಲಿದ್ದ. ನೀರು ಹೊರುವುದೂ ಪಾಠದ ಜೊತೆಗೇ ನಡೆದ ಕೆಲಸ. ಆ ವರ್ಷಗಳಲ್ಲಿ ಅವನಿಗೆ ಮುಖ್ಯವಾಗಿ ಸಿಕ್ಕಿದ್ದು ಮೂರೇ ರಾಗ: ತೋಡಿ, ಮುಲ್ತಾನಿ, ಪೂರಿಯಾ.

ಕೇಳಿದವರಿಗೆ ಇದು ಜಿಪುಣತನವೆನ್ನಿಸಬಹುದು. ಆದರೆ ಮೂರನ್ನೂ ಬಿಚ್ಚಿ ನೋಡಿದರೆ ಗುರುವಿನ ಲೆಕ್ಕಾಚಾರ ತಿಳಿಯುತ್ತದೆ. ತೋಡಿ ಬೆಳಗಿನದು. ರಿಷಭ, ಗಾಂಧಾರ, ಧೈವತ ಕೋಮಲ, ಮಧ್ಯಮ ತೀವ್ರ. ಮುಲ್ತಾನಿ ಮಧ್ಯಾಹ್ನ ಇಳಿಯುವ ಹೊತ್ತಿನದು. ಸ್ವರಗಳೆಲ್ಲ ತೋಡಿಯವೇ, ಆದರೆ ಆರೋಹದಲ್ಲಿ ರಿಷಭ, ಧೈವತ ಇಲ್ಲ. ಅವರೋಹದಲ್ಲಿ ಅವೆರಡೂ ಬಂದರೂ ಅಲ್ಲಿ ನಿಲ್ಲುವಂತಿಲ್ಲ, ಪಂಚಮದ ಮೇಲೆ ಭಾರ ಬೀಳುತ್ತದೆ. ತೋಡಿಯ ಅತಿಕೋಮಲ ಗಾಂಧಾರ ಒಂದೆಡೆ, ಮುಲ್ತಾನಿಯ ಗಾಂಧಾರಕ್ಕೆ ಮಧ್ಯಮದಿಂದ ಜಾರಿ ಬರುವ ಬೇರೆ ನಡೆ ಇನ್ನೊಂದೆಡೆ. ಸ್ವರ ಅದೇ ಇದ್ದೂ ರಾಗ ಬೇರೆಯಾಗುವುದು ಹೇಗೆಂದು ಬಾಯಿಮಾತಿನಲ್ಲಿ ಹೇಳಲಾಗದು, ಹಾಡಿ ಹಾಡಿಯೇ ಕಂಡುಕೊಳ್ಳಬೇಕು. ಪೂರಿಯಾ ಸಂಜೆಯದು. ಪಂಚಮವೇ ಇಲ್ಲ. ಎಲ್ಲ ಸಂಚಾರವೂ ಮಂದ್ರ ಮತ್ತು ಮಧ್ಯ ಸಪ್ತಕದ ಕೆಳಭಾಗದಲ್ಲಿ, ನಿಷಾದ ಗಾಂಧಾರಗಳ ಸುತ್ತ. ಖರ್ಜದ ಸಾಧನೆಗೆ ಇದಕ್ಕಿಂತ ಒಗ್ಗುವ ರಾಗ ಸಿಗುವುದು ಕಷ್ಟ. ಬೆಳಗು, ಮಧ್ಯಾಹ್ನ, ಮುಸ್ಸಂಜೆ ಮೂರೂ ಹೊತ್ತಿನ ರಿಯಾಜಿಗೆ ಒಂದೊಂದು ರಾಗವಾದಂತಾಯಿತು. ಇವು ಕೈವಶವಾದವನಿಗೆ ಉಳಿದ ನೂರಾರು ರಾಗ ಹಿಡಿಯುವ ದಾರಿ ತಾನೇ ತೆರೆಯುತ್ತದೆ.

ಪಾಠದ ರೀತಿಯೂ ಹಾಗೆಯೇ. ತಂಬೂರಿ ಶ್ರುತಿಗೆ ಕೂಡಬೇಕು. ಗುರು ಒಂದು ಸ್ವರಗುಚ್ಛ ಹೇಳಿದರೆ ಶಿಷ್ಯ ಅದನ್ನೇ ಹೇಳಬೇಕು. ಹಳತು ಕುಳಿತ ಮೇಲೆಯೇ ಹೊಸದು. ಬರೆದುಕೊಳ್ಳುವಂತಿಲ್ಲ. ಗಂಗೂಬಾಯಿ ಹಾನಗಲ್ಲರಿಗೆ (1913–2009) ಸಿಕ್ಕಿದ್ದೂ ಇದೇ ತಾಲೀಮು. ಅವರು ಹುಬ್ಬಳ್ಳಿಯಿಂದ ದಿನವೂ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಕಲಿತು ರಾತ್ರಿ ಮರಳುತ್ತಿದ್ದರು. ಬಿಗಿಯಾದ ತಾಲೀಮು ನಡೆದದ್ದು 1938ರಿಂದ ಮೂರು ವರ್ಷ. ಹಾಡುವ ಹೆಣ್ಣುಮಗಳನ್ನು ಹಗುರಾಗಿ ಕಾಣುತ್ತಿದ್ದ ಕಾಲದಲ್ಲಿ ಕತ್ತಲಾದ ಮೇಲೆ ನಿಲ್ದಾಣದಿಂದ ಮನೆಗೆ ನಡೆದು ಹೋಗುವುದೂ ಸಾಧನೆಯ ಭಾಗವೇ ಆಗಿತ್ತು.

ಲಕ್ವಾ ಬಡಿದಾಗ

1940ರ ದಶಕದ ಆರಂಭದಲ್ಲಿ, ಐವತ್ತೈದರ ಆಸುಪಾಸಿನಲ್ಲಿ, ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ಬಡಿಯಿತು. ಉತ್ತರ ಕರ್ನಾಟಕದ ಮಾತಿನಲ್ಲಿ ಲಕ್ವಾ ಹೊಡೆಯಿತು.

ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಪಾರ್ಶ್ವವಾಯು ಆಗುತ್ತದೆ. ಮಿದುಳಿನ ಒಂದು ಅರ್ಧಗೋಳಕ್ಕೆ ಪೆಟ್ಟುಬಿದ್ದರೆ ದೇಹದ ಎದುರು ಬದಿ ಬಲ ಕಳೆದುಕೊಳ್ಳುತ್ತದೆ. ಸ್ವರತಂತುಗಳಿಗೆ ಎರಡೂ ಅರ್ಧಗೋಳಗಳಿಂದ ಆಜ್ಞೆ ಹೋಗುವುದರಿಂದ ದನಿ ಸಾಮಾನ್ಯವಾಗಿ ಪೂರ್ತಿ ಹೋಗುವುದಿಲ್ಲ. ಆದರೆ ನಾಲಗೆ, ತುಟಿ, ಕೆಳಮುಖದ ಒಂದು ಬದಿ, ಉಸಿರು ಹಿಡಿಯುವ ಸ್ನಾಯುಗಳು ಸೋಲುತ್ತವೆ. ಖ್ಯಾಲ್ ಗಾಯಕನಿಗೆ ಅಷ್ಟು ಸಾಕು, ಕಛೇರಿ ಮುಗಿದಂತೆಯೇ. ವಿಲಂಬಿತದ ಉದ್ದ ಆಲಾಪಕ್ಕೆ ಒಂದೇ ಸಮನಾದ ಉಸಿರು ಬೇಕು, ತಾನಿಗೆ ವೇಗದ ಜೊತೆಗೆ ಕರಾರುವಾಕ್ಕಾದ ನಿಯಂತ್ರಣ ಬೇಕು, ಎರಡು ಮೂರು ತಾಸು ಬೆನ್ನು ನೆಟ್ಟಗೆ ಕೂಡಲು ಶಕ್ತಿ ಬೇಕು.

ಆಗಿನ ವೈದ್ಯಕೀಯದ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಮಿದುಳಿನ ಒಳಗನ್ನು ತೋರಿಸುವ ಸಿಟಿ ಸ್ಕ್ಯಾನ್ ರೋಗಿಯ ಮೇಲೆ ಮೊದಲ ಬಾರಿ ಬಳಕೆಗೆ ಬಂದದ್ದು 1971ರಲ್ಲಿ. ರಕ್ತದೊತ್ತಡ ಇಳಿಸುವ, ಎಲ್ಲರೂ ನಿತ್ಯ ನುಂಗಬಹುದಾದ ಗುಳಿಗೆಗಳು ಸಿಕ್ಕಿದ್ದು 1950ರ ದಶಕದ ಕೊನೆಗೆ. ಹಾಸಿಗೆ, ಎಣ್ಣೆ ತಿಕ್ಕುವುದು, ಮನೆಯವರ ಆರೈಕೆ, ಕಾಲ ಕೊಡುವಷ್ಟು ಚೇತರಿಕೆ, ಇವೇ ಆ ಕಾಲದ ಚಿಕಿತ್ಸೆ.

ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಮಾತಿನ ಕೇಂದ್ರ ಬಹುತೇಕ ಜನರಲ್ಲಿ ಎಡ ಮಿದುಳಿನಲ್ಲಿದೆ. ರಾಗ ಹಿಡಿಯುವುದರಲ್ಲಿ ಬಲ ಮಿದುಳಿನ ಪಾಲು ದೊಡ್ಡದು. ಹೀಗಾಗಿ ಮಾತು ಹೋದ ಕೆಲವು ರೋಗಿಗಳು ಗೊತ್ತಿರುವ ಹಾಡನ್ನು ಪದಸಹಿತ ಹಾಡಬಲ್ಲರು. 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಇದನ್ನೇ ಆಧಾರ ಮಾಡಿಕೊಂಡು ರಾಗಬದ್ಧವಾಗಿ ಮಾತು ಮರಳಿ ಕಲಿಸುವ ಚಿಕಿತ್ಸೆ ರೂಪಿಸಿದರು. ಹಾಡುಗಾರನ ಒಳಗಿನ ಸಂಗೀತ ಅವನ ನಾಲಗೆಗಿಂತ ಆಳದಲ್ಲಿರುತ್ತದೆ ಎಂದು ನಮ್ಮ ಗವಾಯಿಗಳು ಹೇಳುತ್ತಿದ್ದ ಮಾತು ಬರೀ ಭಾವುಕತೆಯಲ್ಲ.

ಹಾಡದ ಗುರು

ಲಕ್ವಾ ಹೊಡೆಯುವ ಹೊತ್ತಿಗೆ ಸವಾಯಿ ಗಂಧರ್ವರು ತಮ್ಮಲ್ಲಿದ್ದುದರ ಬಹುಪಾಲನ್ನು ಆಗಲೇ ಹಂಚಿದ್ದರು. ಅವರ ಮುಖ್ಯ ಶಿಷ್ಯರು ಗಂಗೂಬಾಯಿ, ಭೀಮಸೇನ, ಮುಂಬಯಿಯ ಪಾರ್ಸಿ ಗಾಯಕ ಫಿರೋಜ್ ದಸ್ತೂರ್, ಕುಂದಗೋಳ ತಾಲೂಕಿನದೇ ಯಲಿವಾಳದಲ್ಲಿ ಹುಟ್ಟಿ ಮೊದಲು ಪಂಚಾಕ್ಷರಿ ಗವಾಯಿಗಳಲ್ಲಿ ಕಲಿತ ಬಸವರಾಜ ರಾಜಗುರು. ನಾಲ್ವರ ಕಂಠ ನಾಲ್ಕು ಬಗೆ, ಒಬ್ಬರೂ ಗುರುವಿನ ನಕಲಲ್ಲ. ಕೆಲವೇ ಸ್ವರಗುಚ್ಛಗಳನ್ನು ತಿಂಗಳುಗಟ್ಟಲೆ ಉಜ್ಜಿಸುವ ತಾಲೀಮಿನ ಲಾಭ ಕಾಣುವುದು ಇಲ್ಲೇ. ಬರೀ ಚೀಜುಗಳ ಸಂಗ್ರಹ ಕೊಟ್ಟಿದ್ದರೆ ಗುರುವಿನ ದನಿ ನಿಂತ ದಿನವೇ ಕಲಿಕೆ ನಿಲ್ಲುತ್ತಿತ್ತು. ಅವರು ಕೊಟ್ಟದ್ದು ಸ್ವರ ಬೆಳೆಸುವ ಕ್ರಮ, ಅದು ಗುರುವಿಲ್ಲದೆಯೂ ನಡೆಯುವಂಥದ್ದು.

1946ರ ಜನವರಿಯಲ್ಲಿ ಪುಣೆಯಲ್ಲಿ ಅವರ ಅರವತ್ತನೇ ಹುಟ್ಟುಹಬ್ಬ ನಡೆದಾಗ ಭೀಮಸೇನ ಜೋಶಿ ಹಾಡಿದರು. ಆ ಕಛೇರಿಯಿಂದಲೇ ಅವರ ಹೆಸರು ಮೇಲೆದ್ದಿತು. ಗುರು 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು. ಮರುವರ್ಷ ಅಲ್ಲಿ ಆರಂಭವಾದ ಸವಾಯಿ ಗಂಧರ್ವ ಮಹೋತ್ಸವಕ್ಕೆ ಅವರ ಅಳಿಯ ಡಾ. ನಾನಾಸಾಹೇಬ ದೇಶಪಾಂಡೆ ಮತ್ತು ಭೀಮಸೇನರು ಹೆಗಲುಕೊಟ್ಟರು. ಕುಂದಗೋಳದಲ್ಲಿ ಪುಣ್ಯತಿಥಿಯ ಅಹೋರಾತ್ರಿ ಸಂಗೀತ ನಾಡಿಗೇರ ವಾಡೆಯಲ್ಲೇ ನಡೆಯುತ್ತ ಬಂದಿದೆ. ಪುಣೆಯ ಮಹೋತ್ಸವ ದೊಡ್ಡದು, ನಿಜ. ಆದರೆ ಮರದ ಕಂಬಗಳ ನಡುವೆ ಜಮಖಾನೆಯ ಮೇಲೆ ಕೂತು, ಕಲಿತ ಜಾಗದಲ್ಲೇ ಆ ಗಾಯಕಿಯನ್ನು ಕೇಳುವ ಸುಖ ಕುಂದಗೋಳದಲ್ಲಿ ಮಾತ್ರ.

ಶಿಷ್ಯರ ಕಾಯಿಲೆಗಳು

ಗಂಗೂಬಾಯಿಯವರ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ತೆಳುವಾದ, ಎತ್ತರದ ಹೆಣ್ಣುದನಿ ಇದೆ. ಗಂಟಲಿನ ತೊಂದರೆ, ಅದರ ಚಿಕಿತ್ಸೆಯ ನಂತರ ದನಿ ದಪ್ಪವಾಗಿ, ಗಂಡುದನಿಯ ಕಡೆ ವಾಲಿತು. ಆಗ ಅವರು ಹಳೆಯ ದನಿಯನ್ನು ಮರಳಿ ತರಲು ಹೆಣಗಲಿಲ್ಲ. ಬಂದ ದನಿಗೇ ಪೂರಿಯಾದಂಥ ಮಂದ್ರದ ರಾಗಗಳನ್ನು ತುಂಬಿದರು. ಗುರು ತಮ್ಮ ಒಡೆದ ದನಿಗೆ ಮಾಡಿದ್ದನ್ನೇ ಶಿಷ್ಯೆಯೂ ಮಾಡಿದರು ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ. 2003ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಅಸ್ಥಿಮಜ್ಜೆಯ ಕ್ಯಾನ್ಸರನ್ನು ಗೆದ್ದರು. ಮರುವರ್ಷ, ಜೊತೆಗೆ ಕೂತು ಹಾಡುತ್ತಿದ್ದ ಮಗಳು ಕೃಷ್ಣಾ ಹಾನಗಲ್ ಕ್ಯಾನ್ಸರಿನಿಂದಲೇ ತೀರಿಕೊಂಡರು. ಗಂಗೂಬಾಯಿ ತಮ್ಮ ಗಾಯನದ 75ನೇ ವರ್ಷದ ನೆನಪಿಗೆ 2006ರ ಮಾರ್ಚ್‌ನಲ್ಲಿ ಕೊನೆಯ ಕಛೇರಿ ಮಾಡಿದರು. ಭೀಮಸೇನರಿಗೆ 1999ರಲ್ಲಿ ಮಿದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಯಾಯಿತು. ಆಮೇಲೂ ಅವರು ವೇದಿಕೆಗೆ ಮರಳಿದರು.

ಕುಮಾರ ಗಂಧರ್ವರ ಉದಾಹರಣೆ

ಹೋಲಿಕೆಗೆ ಬೆಳಗಾವಿ ಜಿಲ್ಲೆಯ ಸುಳೇಭಾವಿಯವರಾದ ಕುಮಾರ ಗಂಧರ್ವರನ್ನು (1924–1992) ನೋಡಬೇಕು. ಮಧ್ಯಪ್ರದೇಶದ ದೇವಾಸಕ್ಕೆ ಹೋದ ಹೊಸತರಲ್ಲೇ ಕ್ಷಯ ಅವರನ್ನು ಹಾಸಿಗೆಗೆ ಕೆಡವಿತು. ಹಾಡಬೇಡಿ ಎಂದು ವೈದ್ಯರು ಹೇಳಿದರು. ವರ್ಷಗಳ ಕಾಲ ಮಲಗಿ ಮಾಳವದ ಹೆಂಗಸರ ಹಾಡು, ಬೀದಿಯ ಹಾಡುಗಾರರ ದನಿ ಕೇಳಿಸಿಕೊಂಡರು. ಆಗ ಹೊಸದಾಗಿ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಮತ್ತು ಪತ್ನಿ ಭಾನುಮತಿಯವರ ಆರೈಕೆಯಿಂದ ಎದ್ದು 1953ರಲ್ಲಿ ಅಲಹಾಬಾದಿನಲ್ಲಿ ಮತ್ತೆ ಹಾಡಿದರು. ಮುಂದೆ ಜಾನಪದ ಧಾಟಿಗಳಿಂದಲೇ ಲಗನಗಾಂಧಾರದಂಥ ಹೊಸ ರಾಗಗಳನ್ನು ಕಟ್ಟಿದರು.

ಒಂದು ಶ್ವಾಸಕೋಶ ಸೋತಿದ್ದರಿಂದಲೇ ಅವರು ಸ್ವರವಾಕ್ಯಗಳನ್ನು ತುಂಡು ತುಂಡಾಗಿ ಹಾಡಿದರು ಎನ್ನುವವರಿದ್ದಾರೆ. ಈ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಉಸಿರಿನ ಕೊರತೆ ವಾಕ್ಯವನ್ನು ಚಿಕ್ಕದು ಮಾಡಬಲ್ಲದು, ಆದರೆ ಎರಡು ವಾಕ್ಯಗಳ ನಡುವಿನ ಮೌನದಲ್ಲಿ ಏನಿರಬೇಕೆಂಬುದನ್ನು ಗಾಯಕನೇ ನಿರ್ಧರಿಸುತ್ತಾನೆ. ಕಾಯಿಲೆಯನ್ನೇ ಕಲೆಯ ತಾಯಿಯನ್ನಾಗಿ ಮಾಡುವುದು ಕಲಾವಿದನ ದುಡಿಮೆಗೆ ಮಾಡುವ ಅನ್ಯಾಯ.

ಕುಮಾರರು ಹಾಸಿಗೆಯಿಂದ ಎದ್ದು ಹೊಸದನ್ನು ತಂದರು. ಸವಾಯಿ ಗಂಧರ್ವರು ಹಳೆಯ ಕಂಠಕ್ಕೆ ಮರಳಲಿಲ್ಲ. ಮೊದಲನೆಯದು ಗೆಲುವಿನ ಕಥೆಯಾದ್ದರಿಂದ ಎಲ್ಲರ ಬಾಯಲ್ಲಿದೆ. ಎರಡನೆಯದರ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ. ದೀರ್ಘ ಕಾಯಿಲೆಯ ಬಹುಪಾಲು ಕಲಾವಿದರ ಅನುಭವ ಹತ್ತಿರವಾಗುವುದು ಮಾತ್ರ ಇದಕ್ಕೇ.

ಕೇಳುವವರಿಗೆ

ಸವಾಯಿ ಗಂಧರ್ವರದಾಗಿ ಉಳಿದಿರುವುದರಲ್ಲಿ ಹೆಚ್ಚಿನವು 78 ಆರ್‌ಪಿಎಂ ತಟ್ಟೆಗಳು. ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ. ತಾಸು ಹೊತ್ತು ಬೆಳೆಯುತ್ತಿದ್ದ ಖ್ಯಾಲ್ ಅದರಲ್ಲಿ ಹಿಡಿಸುವುದಿಲ್ಲ. ಅವರ ವಿಲಂಬಿತದ ಅಳತೆ ತಿಳಿಯಬೇಕಾದರೆ ಮೊದಲು ಆ ತಟ್ಟೆಗಳನ್ನು ಕೇಳಿ, ಆಮೇಲೆ ಗಂಗೂಬಾಯಿಯವರ ಪೂರಿಯಾ, ಭೀಮಸೇನರ ಮುಲ್ತಾನಿಗಳನ್ನು ಒಂದಾದ ಮೇಲೊಂದು ಕೇಳಬೇಕು. ಷಡ್ಜವನ್ನು ಮುಟ್ಟುವ ಮೊದಲು ಇಬ್ಬರೂ ನಿಷಾದದ ಮೇಲೆ ಎಷ್ಟು ಹೊತ್ತು ತಾಳ್ಮೆಯಿಂದ ನಿಲ್ಲುತ್ತಾರೆಂಬುದನ್ನು ಗಮನಿಸಿದರೆ ಕುಂದಗೋಳದ ತಾಲೀಮು ಕಿವಿಗೆ ಸಿಗುತ್ತದೆ.