ಸೆಣಬಿನ ಪತ್ರಿಕೆ: ಒಂದು ಹಳೆಯ ವಿವಾದದ ಚರಿತ್ರೆ

1941ರ ಮಾರ್ಚ್ ತಿಂಗಳಿನಲ್ಲಿ ಕಯ್ಯೂರಿನ ಹೊಳೆಯಲ್ಲಿ ಒಬ್ಬ ಪೋಲೀಸನ ಸಾವಾದಾಗ, ಆ ಗ್ರಾಮವು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿಗೆ ಸೇರಿತ್ತು. ವಿಚಾರಣೆಯು ಮಂಗಳೂರಿನಲ್ಲಿ ನಡೆಯಿತು. 1943ರ ಮಾರ್ಚ್ 29ರಂದು ನಾಲ್ವರು ರೈತ ಯುವಕರನ್ನು ಕಣ್ಣಾನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಸರಕಾರದ ಕಡತದಲ್ಲಿ ಅದೊಂದು ಕೊಲೆಯ ಮೊಕದ್ದಮೆ. ಅದರ ಹಿಂದಿದ್ದ ಗೇಣಿಯ ಕಷ್ಟವನ್ನೂ ಒಕ್ಕಲುಗಳ ಸಂಘಟನೆಯನ್ನೂ ಕನ್ನಡಿಗರ ಮನೆಮನೆಗೆ ಮುಟ್ಟಿಸಿದ್ದು ಯಾವ ದಿನಪತ್ರಿಕೆಯೂ ಅಲ್ಲ. 1955ರಲ್ಲಿ ಬಂದ ನಿರಂಜನರ 'ಚಿರಸ್ಮರಣೆ' ಎಂಬ ಕಾದಂಬರಿ. ನಮ್ಮ ಹಿತ್ತಲಿನ ಕಥೆಯು ನಮ್ಮ ನುಡಿಯಲ್ಲಿ ನಮಗೆ ದೊರೆಯಲು ಹನ್ನೆರಡು ವರುಷಗಳು ಬೇಕಾದುವು!

ವೃತ್ತಪತ್ರಿಕೆಗಳು ಯಾರ ಕಣ್ಣಿನಿಂದ ಲೋಕವನ್ನು ನೋಡುತ್ತವೆ ಎಂಬ ಪ್ರಶ್ನೆಯನ್ನು ನಮ್ಮ ದೇಶದ ಎಡಪಂಥದವರು ಮೊದಲಿನಿಂದಲೂ ಕೇಳುತ್ತ ಬಂದಿದ್ದಾರೆ. ಉತ್ತರವೆಂಬಂತೆ ತಮ್ಮದೇ ಪತ್ರಿಕೆಗಳನ್ನೂ ಹೊರಡಿಸಿದರು. ಮಲಯಾಳದಲ್ಲಿ 1935ರಲ್ಲಿ 'ಪ್ರಭಾತಂ', 1942ರಲ್ಲಿ 'ದೇಶಾಭಿಮಾನಿ' ಹುಟ್ಟಿದ್ದು ಹೀಗೆ. ಆದರೆ ಈ ಟೀಕೆಗೆ ಒಂದು ಹೆಸರು ದೊರೆತುದು ಸ್ವಾತಂತ್ರ್ಯಾನಂತರ. ಆ ಹೆಸರೇ 'ಸೆಣಬಿನ ಪತ್ರಿಕೆ'.

ಹೆಸರಿನ ಅರ್ಥವು ಸರಳವಾದುದು. 1919ರಲ್ಲಿ ಕಲ್ಕತ್ತೆಯಲ್ಲಿ ಸೆಣಬಿನ ಗಿರಣಿಯನ್ನು ಕಟ್ಟಿದ ಬಿರ್ಲಾ ಮನೆತನದ ಕೈಯಲ್ಲಿ 'ಹಿಂದೂಸ್ಥಾನ್ ಟೈಮ್ಸ್' ಇತ್ತು. 'ಟೈಮ್ಸ್ ಆಫ್ ಇಂಡಿಯಾ'ವನ್ನು 1946ರಲ್ಲಿ ರಾಮಕೃಷ್ಣ ದಾಲ್ಮಿಯಾ ಆಂಗ್ಲರಿಂದ ಕೊಂಡರು. 'ಇಂಡಿಯನ್ ಎಕ್ಸ್‌ಪ್ರೆಸ್' ರಾಮನಾಥ ಗೋಯೆಂಕಾ ಅವರದು. ಗಿರಣಿಯ ಒಡೆಯನೇ ಪತ್ರಿಕೆಯ ಒಡೆಯನೂ ಆದಾಗ ತೆರಿಗೆ, ಮುಷ್ಕರ, ರಾಷ್ಟ್ರೀಕರಣಗಳ ಸುದ್ದಿಯು ಗಿರಣಿಯ ಕಿಟಕಿಯಿಂದಲೇ ಕಾಣಿಸೀತಲ್ಲವೆ ಎಂಬುದು ಟೀಕಾಕಾರರ ವಾದ.

ಆ ವಾದವನ್ನು ನಮ್ಮ ನಾಡಿನ ಒಂದು ಪ್ರಸಂಗಕ್ಕೆ ಅನ್ವಯಿಸಿ ನೋಡೋಣ. ಬೀಡಿ ಕೆಲಸಗಾರರ ರಕ್ಷಣೆಗಾಗಿ 1966ರಲ್ಲಿ ಕೇಂದ್ರದ ಕಾಯಿದೆಯಾಯಿತು. ಕೇರಳ ಸರಕಾರವು ಅದನ್ನು ಜಾರಿಗೆ ತರಲು ಹೊರಟಾಗ, 1968ರಲ್ಲಿ ಮಂಗಳೂರಿನ ದೊಡ್ಡ ಬೀಡಿ ಸಂಸ್ಥೆಗಳು ಉತ್ತರ ಕೇರಳದಲ್ಲಿದ್ದ ತಮ್ಮ ಕೆಲಸವನ್ನು ನಿಲ್ಲಿಸಿದುವು. ಸಾವಿರಾರು ಮಂದಿ ಕೆಲಸಗಾರರು ಬೀದಿಗೆ ಬಿದ್ದರು. ಮರುವರುಷ ಅವರಿಗಾಗಿ ಕಣ್ಣೂರಿನಲ್ಲಿ 'ದಿನೇಶ್ ಬೀಡಿ' ಸಹಕಾರಿ ಸಂಸ್ಥೆಯು ಸ್ಥಾಪಿತವಾಯಿತು. ಇದನ್ನು 'ಹೊಸ ಕಾಯಿದೆಯ ಭಾರದಿಂದ ಉದ್ಯಮ ಸ್ಥಗಿತ' ಎಂದೂ ಬರೆಯಬಹುದು. 'ಕಾಯಿದೆಯಂತೆ ಕೊಡಲೊಲ್ಲದೆ ಬಾಗಿಲು ಮುಚ್ಚಿದರು' ಎಂದೂ ಬರೆಯಬಹುದು. ಎರಡರಲ್ಲಿಯೂ ಸುಳ್ಳಿಲ್ಲ. ಮೊದಲನೆಯ ವಾಕ್ಯದಲ್ಲಿ ಮಾತ್ರ ಮನುಷ್ಯರೇ ಇಲ್ಲ! ಪೇಟೆಧಾರಣೆಯ ಅಂಕಣದಲ್ಲಿ ಅಡಕೆಯ ಬೆಲೆಯನ್ನು ದಿನವೂ ಓದುವ ನಾವು, ಅಡಕೆ ಸುಲಿಯುವ ಹೆಂಗಸಿನ ಕೂಲಿಯನ್ನು ಆ ಅಂಕಣದಲ್ಲಿ ಎಂದಾದರೂ ಹುಡುಕಿದ್ದುಂಟೆ?

ಈ ಆಪಾದನೆಗೆ ಅಂಕೆಸಂಖ್ಯೆಗಳ ಆಧಾರವನ್ನು ಒದಗಿಸಿದುದು 1952ರಲ್ಲಿ ನ್ಯಾಯಮೂರ್ತಿ ರಾಜಾಧ್ಯಕ್ಷರ ನೇತೃತ್ವದಲ್ಲಿ ನೇಮಕವಾದ ಪತ್ರಿಕಾ ಆಯೋಗ. ಸಮಾಜವಾದಿಗಳಾದ ಆಚಾರ್ಯ ನರೇಂದ್ರ ದೇವರೂ 'ನ್ಯಾಷನಲ್ ಹೆರಾಲ್ಡ್'ನ ಸಂಪಾದಕ ಚಲಪತಿ ರಾಯರೂ ಅದರಲ್ಲಿದ್ದರು. ಐವರು ಒಡೆಯರ ಕೈಯಲ್ಲಿ 29 ಪತ್ರಿಕೆಗಳೂ ಒಟ್ಟು ಪ್ರಸಾರದ ಶೇಕಡಾ 31ರಷ್ಟೂ, ಹದಿನೈದು ಮಂದಿಯ ಕೈಯಲ್ಲಿ ಅರ್ಧದಷ್ಟು ಪ್ರಸಾರವೂ ಇವೆಯೆಂದು 1954ರ ವರದಿಯು ತಿಳಿಸಿತು. ಜಾಹೀರಾತಿನ ಹಣವುಳ್ಳ ದೊಡ್ಡ ಪತ್ರಿಕೆಯು ಕಡಿಮೆ ಬೆಲೆಗೆ ಹೆಚ್ಚು ಪುಟಗಳನ್ನು ಕೊಟ್ಟು ಸಣ್ಣ ಪತ್ರಿಕೆಯನ್ನು ನುಂಗುತ್ತದೆ. ಆದುದರಿಂದ ಇಷ್ಟು ಬೆಲೆಗೆ ಇಷ್ಟೇ ಪುಟವೆಂದು ಗೊತ್ತುಪಡಿಸಬೇಕು ಎಂಬುದು ಆಯೋಗದ ಸಲಹೆಗಳಲ್ಲಿ ಒಂದು. 1956ರಲ್ಲಿ ಅದು ಕಾಯಿದೆಯಾಗಿ, 1960ರಲ್ಲಿ ಆಜ್ಞೆಯಾಯಿತು.

ಇಲ್ಲಿಂದ ಕಥೆಯು ಯಾರೂ ಎಣಿಸದ ತಿರುವನ್ನು ಪಡೆಯಿತು. ಈ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಕೆಡವಿದ ಮೊಕದ್ದಮೆಗೆ ಬಿರ್ಲಾರ ಹೆಸರಿಲ್ಲ, ದಾಲ್ಮಿಯಾರ ಹೆಸರೂ ಇಲ್ಲ. ಅದಕ್ಕೆ ಪುಣೆಯ 'ಸಕಾಳ್' ಎಂಬ ಮರಾಠಿ ಪತ್ರಿಕೆಯ ಹೆಸರಿದೆ. 1932ರಲ್ಲಿ ನಾನಾಸಾಹೇಬ ಪರುಳೇಕರರು ಆರಂಭಿಸಿದ ಆ ಪತ್ರಿಕೆಗೆ ಕರ್ನಾಟಕದಲ್ಲಿಯೂ ಓದುಗರಿದ್ದರು. ವಾರದ ಐದು ದಿನ ಆರು ಪುಟ, ಒಂದು ದಿನ ನಾಲ್ಕು ಪುಟ, ಒಟ್ಟು 34. ಬೆಲೆ 7 ನಯೇಪೈಸೆ. ಹೊಸ ಆಜ್ಞೆಯಂತೆ ಅಷ್ಟೇ ಪುಟಗಳನ್ನು ಕೊಡಬೇಕಾದರೆ ಬೆಲೆಯನ್ನು 8 ನಯೇಪೈಸೆಗೆ ಏರಿಸಬೇಕು. ಒಂದು ಪೈಸೆ ಏರಿದರೆ ಓದುಗರು ಕಡಿಮೆಯಾಗುತ್ತಾರೆ. ಪುಟ ಇಳಿದರೆ ಸುದ್ದಿ ಕಡಿಮೆಯಾಗುತ್ತದೆ. ಎಷ್ಟು ಜನರಿಗೆ ಮುಟ್ಟಬೇಕೆಂಬುದೂ ವಾಕ್‌ಸ್ವಾತಂತ್ರ್ಯದ ಒಂದು ಭಾಗವೆಂದು ನ್ಯಾಯಾಲಯವು 1961ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತು, ಕಾಯಿದೆಯ ಆ ಭಾಗವನ್ನೂ ಆಜ್ಞೆಯನ್ನೂ ಅಸಿಂಧುಗೊಳಿಸಿತು. ಆನೆಗೆಂದು ಒಡ್ಡಿದ ಬಲೆಯಲ್ಲಿ ಜಿಂಕೆಯೊಂದು ಸಿಕ್ಕಿಬಿದ್ದಿತು. ಜಿಂಕೆಯು ಬಲೆಯನ್ನು ಹರಿದಾಗ ಆನೆಗಳಿಗೂ ದಾರಿಯಾಯಿತು.

ಈ ತೀರ್ಪಿನ ವಿಷಯದಲ್ಲಿ ನಮ್ಮ ಮನಸ್ಸು ಇಬ್ಬಗೆಯಾಗಿದೆ. ಅದು ನ್ಯಾಯವಲ್ಲವೆನ್ನಲು ನಮಗೆ ಬಾಯಿ ಬರುವುದಿಲ್ಲ. ಆದರೆ ಸಣ್ಣ ಪತ್ರಿಕೆಯ ಆಶ್ರಯವಿಲ್ಲದೆ ಗಡಿಯ ಕನ್ನಡಿಗನ ದೂರು ಎಲ್ಲಿ ಅಚ್ಚಾಗಬೇಕು? ರಾಜಧಾನಿಯ ಪತ್ರಿಕೆಗೆ ನಮ್ಮ ಶಾಲೆಯ ಮುಚ್ಚುಗಡೆಯು ಮೂರು ಗೆರೆಯ ಸುದ್ದಿ.

ಎಡಪಂಥದವರ ಟೀಕೆಯಲ್ಲಿಯೂ ಕುಂದಿಲ್ಲದಿರಲಿಲ್ಲ. ಒಡೆಯನ ನೆರಳನ್ನು ಗುರುತಿಸಿದ ಅವರು ಪಕ್ಷದ ನೆರಳನ್ನು ಗುರುತಿಸಲು ಹಿಂಜರಿದರು. 1942ರ ಚಳವಳಿಯ ಕಾಲದಲ್ಲಿ ಕಮ್ಯೂನಿಸ್ಟ್ ಪತ್ರಿಕೆಗಳು ಬರೆದುದನ್ನು ಹಿರಿಯರು ಬಹುಕಾಲ ಮರೆಯಲಿಲ್ಲ. 1975ರಲ್ಲಿ ತುರ್ತುಪರಿಸ್ಥಿತಿಯ ಸೆನ್ಸಾರು ಬಂದಾಗ ಭಾರತ ಕಮ್ಯೂನಿಸ್ಟ್ ಪಕ್ಷವು ಸರಕಾರದ ಬೆಂಬಲಕ್ಕೆ ನಿಂತಿತು; ಮಾರ್ಕ್ಸ್‌ವಾದಿಗಳು ವಿರೋಧಿಸಿದರು. ಜೂನ್ 28ರಂದು ಸಂಪಾದಕೀಯದ ಜಾಗವನ್ನು ಬರಿದಾಗಿ ಬಿಟ್ಟು ಪ್ರತಿಭಟಿಸಿದುದು, ಸೆಣಬಿನ ಪತ್ರಿಕೆಯೆಂದು ಹಳಿಸಿಕೊಂಡಿದ್ದ 'ಇಂಡಿಯನ್ ಎಕ್ಸ್‌ಪ್ರೆಸ್'.

ಹಾಗೆಂದು ಮೂಲ ಪ್ರಶ್ನೆಯು ಅಳಿಯಲಿಲ್ಲ. 1972ರಲ್ಲಿ ಸರಕಾರವು ಕಾಗದದ ಕೊರತೆಯೆಂದು ದೊಡ್ಡ ಪತ್ರಿಕೆಗಳಿಗೆ ಹತ್ತು ಪುಟಗಳ ಮಿತಿ ಹಾಕಿದಾಗ ಸರ್ವೋಚ್ಚ ನ್ಯಾಯಾಲಯವು ಅದನ್ನೂ ತಳ್ಳಿಹಾಕಿತು. ಅಂದು ಭಿನ್ನಮತವನ್ನು ಬರೆದವರು ಕೇರಳದವರೇ ಆದ ನ್ಯಾಯಮೂರ್ತಿ ಕೆ. ಕೆ. ಮ್ಯಾಥ್ಯೂ. ಮುಂದೆ ಅವರೇ ಎರಡನೆಯ ಪತ್ರಿಕಾ ಆಯೋಗದ ಅಧ್ಯಕ್ಷರಾದರು. ಪತ್ರಿಕೆಗಳನ್ನು ಇತರ ಉದ್ಯಮಗಳಿಂದ ಬೇರ್ಪಡಿಸಬೇಕೆಂದು 1982ರಲ್ಲಿ ಆಯೋಗದ ಬಹುಮತವು ಹೇಳಿತು. ನಾಲ್ವರು ಸದಸ್ಯರು ಒಪ್ಪಲಿಲ್ಲ. ಅವರಲ್ಲೊಬ್ಬರು 'ಟೈಮ್ಸ್ ಆಫ್ ಇಂಡಿಯಾ'ದ ಸಂಪಾದಕರಾಗಿದ್ದ ಗಿರಿಲಾಲ್ ಜೈನ್. ಆ ಸಲಹೆಯು ಕಾಯಿದೆಯಾಗಲಿಲ್ಲ.