ಕಳುಹಿಸಿದವರ ಹೆಸರಿನಲ್ಲಿ

'ಲೆಗಾಟುಸ್' ಎಂಬ ಲತೀನ್ ಪದಕ್ಕೆ 'ನಿಯುಕ್ತನಾಗಿ ಕಳುಹಿಸಲ್ಪಟ್ಟವನು' ಎಂದರ್ಥ. ಪ್ರಾಚೀನ ರೋಮಿನಲ್ಲಿ ರಾಯಭಾರಿಗೂ ಇದೇ ಹೆಸರು. ಸೇನಾಪತಿಯ ಪರವಾಗಿ ದಂಡನ್ನು ನಡೆಸುವವನಿಗೂ ಇದೇ ಹೆಸರು. ಇಬ್ಬರ ಅಧಿಕಾರವೂ ಸ್ವಂತದ್ದಲ್ಲ, ಕಳುಹಿಸಿದವರದು. ಪರರ ಹೆಸರಿನಲ್ಲಿ ಅಧಿಕಾರ ನಡೆಸುವವನಿಗೆ ಸ್ವಂತ ಹೊಣೆ ಎಷ್ಟು? ರೋಮನ್ ಸೇನೆಯ ಲೆಗೇಟರ ಚರಿತ್ರೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಗಣರಾಜ್ಯದ ಕಾಲದಲ್ಲಿ ಸೇನಾಪತಿಯ ನೆರವಿಗೆ ಸೆನೆಟ್ ಸಭೆಯ ಸದಸ್ಯರು ಲೆಗೇಟರಾಗಿ ಹೋಗುತ್ತಿದ್ದರು. ಅವರಿಗೆ ಗೊತ್ತಾದ ದಳವಿರಲಿಲ್ಲ. ಸೇನಾಪತಿ ವಹಿಸಿದ್ದೇ ಅವರ ಕೆಲಸ. ಕ್ರಿ.ಪೂ. 54ರ ಚಳಿಗಾಲದಲ್ಲಿ ಜೂಲಿಯಸ್ ಸೀಜರನು ಗಾಲ್ ಪ್ರಾಂತ್ಯದ ಹಲವು ಶಿಬಿರಗಳನ್ನು ಇಂಥವರಿಗೆ ಒಪ್ಪಿಸಿದ್ದನು. ಸಬೀನಸ್ ಎಂಬ ಲೆಗೇಟನು ಶತ್ರುನಾಯಕ ಅಂಬಿಯೊರಿಕ್ಸನ ಮಾತನ್ನು ನಂಬಿ, ಜೊತೆಯ ಲೆಗೇಟ್ ಕೋಟನ ವಿರೋಧವನ್ನೂ ಮೀರಿ ಶಿಬಿರ ಬಿಟ್ಟು ಹೊರಟನು. ದಾರಿಯಲ್ಲೇ ಅವರ ಪಡೆ ನಾಶವಾಯಿತು. ಅದೇ ಚಳಿಗಾಲದಲ್ಲಿ, ವಾಗ್ಮಿ ಸಿಸೆರೊವಿನ ತಮ್ಮನಾದ ಕ್ವಿಂಟಸ್ ತನ್ನ ಶಿಬಿರ ಬಿಡಲು ಒಪ್ಪದೆ, ಸೀಜರನು ಬರುವವರೆಗೂ ಮುತ್ತಿಗೆಯನ್ನು ತಾಳಿಕೊಂಡನು.

ಕ್ರಿ.ಪೂ. 48ರ ಅಂತರ್ಯುದ್ಧದಲ್ಲಿ ಇನ್ನೊಂದು ಘಟನೆ. ಪುಬ್ಲಿಯಸ್ ಸುಲ್ಲ ಎಂಬ ಲೆಗೇಟನು ಶತ್ರುವನ್ನು ಹಿಮ್ಮೆಟ್ಟಿಸಿದರೂ ಬೆನ್ನಟ್ಟಲಿಲ್ಲ. ಬೆನ್ನಟ್ಟಿದ್ದರೆ ಯುದ್ಧ ಅಂದೇ ಮುಗಿಯುತ್ತಿತ್ತೆಂದು ಹಲವರು ಆಡಿಕೊಂಡರು. ಸೀಜರನು ಅವನನ್ನು ದೂಷಿಸಲಿಲ್ಲ. ಲೆಗೇಟನು ಆಜ್ಞೆಯಂತೆ ನಡೆಯಬೇಕು, ಸಮಗ್ರವಾಗಿ ಯೋಚಿಸಿ ಸ್ವತಂತ್ರವಾಗಿ ನಿರ್ಧರಿಸುವುದು ಸೇನಾಪತಿಯ ಪಾತ್ರ ಎಂಬುದು ಅವನ ಅಭಿಪ್ರಾಯವಾಗಿತ್ತು.

ಚಕ್ರವರ್ತಿ ಅಗಸ್ಟಸನ ಕಾಲದಿಂದ ಈ ಪದವಿ ಸ್ಥಿರರೂಪ ಪಡೆಯಿತು. ಸುಮಾರು 5,000 ಯೋಧರ ಒಂದೊಂದು ಲೀಜನ್ನಿಗೂ ಒಬ್ಬ ಲೆಗೇಟ್; ಅವನ ಕೆಳಗೆ ಆರು ಮಂದಿ ಟ್ರಿಬ್ಯೂನರು, ಶಿಬಿರಾಧಿಕಾರಿ, ಶತಾಧಿಪತಿಗಳು. ಈಜಿಪ್ಟಿನಲ್ಲಿ ಮಾತ್ರ ಸೆನೆಟರುಗಳಿಗೆ ಅವಕಾಶವಿರಲಿಲ್ಲ. ಸಿರಿಯಾದಂಥ ಗಡಿಪ್ರಾಂತ್ಯಗಳನ್ನು ಆಳುತ್ತಿದ್ದವನೂ ಚಕ್ರವರ್ತಿಯ ಲೆಗೇಟನೇ. ಅಲ್ಲಿನ ಲೀಜನ್ನುಗಳೆಲ್ಲ ಅವನ ಅಧೀನ. ಆದರೆ ಗೆದ್ದಾಗ ವಿಜಯೋತ್ಸವದ ಮೆರವಣಿಗೆ ಚಕ್ರವರ್ತಿಯ ಮನೆತನಕ್ಕೆ ಮೀಸಲು. ಲೆಗೇಟನಿಗೆ ದೊರೆಯುತ್ತಿದ್ದುದು ಗೌರವಚಿಹ್ನೆಗಳು ಮಾತ್ರ.

ಹೀಗೆ ಸಿರಿಯಾಕ್ಕೆ ನಿಯುಕ್ತನಾಗಿದ್ದವನು ಪುಬ್ಲಿಯಸ್ ಪೆತ್ರೋನಿಯಸ್. ಕ್ರಿ.ಶ. 40ರ ಸುಮಾರಿಗೆ ಚಕ್ರವರ್ತಿ ಕಲಿಗುಲನು ತನ್ನ ಪ್ರತಿಮೆಯನ್ನು ಜೆರುಸಲೇಮಿನ ಮಹಾದೇವಾಲಯದಲ್ಲಿ ನಿಲ್ಲಿಸಬೇಕೆಂದೂ, ಅಡ್ಡಬಂದವರನ್ನು ಸೇನಾಬಲದಿಂದ ದಮನಿಸಬೇಕೆಂದೂ ಅವನಿಗೆ ಆಜ್ಞಾಪಿಸಿದನು. ಪೆತ್ರೋನಿಯಸ್ ದಂಡಿನೊಡನೆ ಪ್ತೊಲೆಮಾಯದವರೆಗೆ ಬಂದನು. ಅಲ್ಲಿಯೂ ತಿಬೇರಿಯ ಪಟ್ಟಣದಲ್ಲಿಯೂ ಯೆಹೂದ್ಯರು ಹೆಂಡಿರು ಮಕ್ಕಳೊಡನೆ ಅವನೆದುರು ನೆರೆದರು. ಅವರ ಕೈಯಲ್ಲಿ ಆಯುಧಗಳಿರಲಿಲ್ಲ. ಧರ್ಮಶಾಸ್ತ್ರವನ್ನು ಮೀರುವುದಕ್ಕಿಂತ ಸಾಯುವುದೇ ಲೇಸೆಂದು ಕೊರಳೊಡ್ಡಿದರು. ಬಿತ್ತನೆಯ ಕಾಲ ಮೀರುತ್ತಿದ್ದರೂ ಹೊಲಗಳು ಹಾಗೆಯೇ ಉಳಿದಿದ್ದವು.

ಪೆತ್ರೋನಿಯಸ್ ಸೇನೆಯನ್ನು ಹಿಂದಕ್ಕೆ ಕರೆದೊಯ್ದು, ಆಜ್ಞೆಯನ್ನು ಹಿಂತೆಗೆದುಕೊಳ್ಳುವಂತೆ ಚಕ್ರವರ್ತಿಗೆ ಪತ್ರ ಬರೆದನು. ಅವನು ಒಪ್ಪಿದರೆ ಸರಿ, ಕೋಪಗೊಂಡರೆ ಇಷ್ಟು ಜನರಿಗಾಗಿ ತಾನೊಬ್ಬ ಸಾಯಲು ಸಿದ್ಧ ಎಂಬುದು ಅವನ ನಿಲುವಾಗಿತ್ತೆಂದು ಚರಿತ್ರಕಾರ ಜೋಸೆಫಸ್ ಬರೆದಿದ್ದಾನೆ. ಉತ್ತರವಾಗಿ ಬಂದದ್ದು ಮರಣಾಜ್ಞೆ. ಆದರೆ ಅದನ್ನು ಹೊತ್ತ ಹಡಗು ಬಿರುಗಾಳಿಗೆ ಸಿಕ್ಕು ತಡವಾಯಿತು. ಕ್ರಿ.ಶ. 41ರ ಜನವರಿಯಲ್ಲಿ ಕಲಿಗುಲನು ಕೊಲೆಯಾದನು. ಆ ಸುದ್ದಿ ಮರಣಾಜ್ಞೆಗಿಂತ 27 ದಿನ ಮೊದಲೇ ಪೆತ್ರೋನಿಯಸನನ್ನು ಮುಟ್ಟಿತು ಎನ್ನುತ್ತಾನೆ ಜೋಸೆಫಸ್.

ಕ್ರಿ.ಶ. 260ರ ದಶಕದಲ್ಲಿ ಚಕ್ರವರ್ತಿ ಗಲ್ಲಿಯೇನಸನು ಸೆನೆಟರುಗಳನ್ನು ಸೇನಾನಾಯಕತ್ವದಿಂದ ದೂರವಿಟ್ಟ ಮೇಲೆ ಲೀಜನ್ನಿನ ಲೆಗೇಟ್ ಪದವಿ ಮರೆಯಾಯಿತು. ಪದ ಮಾತ್ರ ಧರ್ಮಸಭೆಯಲ್ಲಿ ಉಳಿದಿದೆ. 325ರ ನೈಸಿಯ ಮಹಾಸಭೆಗೆ ಜಗದ್ಗುರು ಪೋಪ್ ಸಿಲ್ವೆಸ್ಟರ್ ತಮ್ಮ ಪರವಾಗಿ ಇಬ್ಬರು ಗುರುಗಳನ್ನು ಕಳುಹಿಸಿದ್ದರು. ಪೋಪರ ಪ್ರತಿನಿಧಿಯನ್ನು ಇಂದಿಗೂ ಲೆಗೇಟ್ ಎನ್ನುತ್ತೇವೆ.

ಸುಲ್ಲ ತನ್ನ ಅಧಿಕಾರದ ಎಲ್ಲೆಯನ್ನು ಅರಿತು ನಿಂತನು. ಅದು ಲೆಗೇಟನ ಧರ್ಮ. ಪೆತ್ರೋನಿಯಸನೂ ಆಜ್ಞೆಯನ್ನು ಲಘುವಾಗಿ ಕಂಡವನಲ್ಲ. ಆದರೆ ಅದನ್ನು ನಡೆಸಿದರೆ ನಿರಪರಾಧಿಗಳ ರಕ್ತ ಹರಿಯುವುದೆಂದು ಕಂಡಾಗ, ನಡೆಸದಿರುವುದರ ಬೆಲೆಯನ್ನು ತನ್ನ ತಲೆಯ ಮೇಲೆಯೇ ಹೊತ್ತನು. 'ಮೇಲಿನಿಂದ ಬಂದ ಆಜ್ಞೆ, ನಾನೇನು ಮಾಡಲಿ?' ಎಂಬ ಮಾತು ಎಲ್ಲ ಕಾಲದಲ್ಲೂ ಸುಲಭವಾಗಿ ಬಾಯಿಗೆ ಬರುತ್ತದೆ. ಆ ಮಾತನ್ನಾಡಲು ಸಕಲ ಸೌಕರ್ಯವಿದ್ದರೂ ಆಡದೆ ಹೋದ ಒಬ್ಬ ಅಧಿಕಾರಿಯನ್ನು ನಾವು ನೆನೆಯುವುದು ಉಚಿತ.