ಕಿಟೆಲರ ಸಂಕೇತಾಕ್ಷರಗಳು

ಫರ್ಡಿನಾಂಡ್ ಕಿಟೆಲರು ಭಾರತಕ್ಕೆ ಬಂದದ್ದು 1853ರಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಬಾಸೆಲ್ ಮಿಶನ್ನಿನವರು ನಮ್ಮ ಮಂಗಳೂರಿನಲ್ಲಿ ಪ್ರಕಟಿಸಿದ್ದು 1894ರಲ್ಲಿ. 1,700ಕ್ಕೂ ಮಿಕ್ಕ ಪುಟಗಳು, ಸುಮಾರು 70,000 ಶಬ್ದಗಳು. ಅಚ್ಚಿನ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲ ಅದು. ಪ್ರತಿಯೊಂದು ಮಾತನ್ನೂ ಪೂರ್ತಿಯಾಗಿ ಅಚ್ಚು ಹಾಕಿದ್ದರೆ ಪುಸ್ತಕ ಇನ್ನೆಷ್ಟು ದಪ್ಪವಾಗುತ್ತಿತ್ತೋ! ಅದಕ್ಕೆ ಕಿಟೆಲರು ರೋಮನ್ ಲಿಪಿಯ ಸಂಕೇತಾಕ್ಷರಗಳನ್ನು ಬಳಸಿದರು. 'ಟಿ' ಎಂದರೆ ತಮಿಳು, 'ಟಿ-ಇ' ತೆಲುಗು, 'ಟಿ-ಯು' ತುಳು, 'ಟಿ-ಬಿ-ಎಚ್' ತದ್ಭವ. ಇವನ್ನು ಬಿಡಿಸಿ ಹೇಳುವ ಪಟ್ಟಿಯೂ ಪುಸ್ತಕದೊಳಗೇ ಇದೆ.

ಇಂಥ ನಿಘಂಟನ್ನು ಈಗ ಕಂಪ್ಯೂಟರಿಗೆ ಏರಿಸುವುದಾದರೆ ಯಾವುದು ಶಬ್ದ, ಯಾವುದು ಅರ್ಥ, ಯಾವುದು ಭಾಷೆಯ ಹೆಸರು ಎಂದು ಪ್ರತಿಯೊಂದರ ಹಿಂದೆ ಮುಂದೆ ಗುರುತಿನ ಚೀಟಿ ಹಚ್ಚಬೇಕು. ಹೀಗೆ ಹಚ್ಚುವ ಕ್ರಮಕ್ಕೆ ಎಕ್ಸ್‌ಎಂಎಲ್ ಎಂದು ಹೆಸರು; 1998ರಲ್ಲಿ ಅದು ಎಲ್ಲರೂ ಒಪ್ಪಿದ ಕ್ರಮವಾಯಿತು. ಆದರೆ ಉದ್ದುದ್ದ ಚೀಟಿಗಳನ್ನು ಸಾವಿರಾರು ಸಲ ಟೈಪು ಮಾಡಿದರೆ ಬೆರಳು ಸೋಲುತ್ತದೆ. ಆದ್ದರಿಂದ ಮೊದಲು ಒಂದೆರಡು ಅಕ್ಷರದ ಗಿಡ್ಡ ಚೀಟಿಗಳನ್ನು ಹಚ್ಚಿಕೊಳ್ಳಬಹುದು. ಆಮೇಲೆ ಯಂತ್ರಕ್ಕೆ ಒಂದು ನಿಯಮಾವಳಿ ಕೊಟ್ಟರಾಯಿತು: ಈ ಗಿಡ್ಡ ಚೀಟಿ ಕಂಡಲ್ಲಿ ಆ ಉದ್ದ ಚೀಟಿ ಹಾಕು, ಒಳಗಿನ ಮಾತನ್ನು ಮುಟ್ಟಬೇಡ. ಆ ನಿಯಮಾವಳಿಗೆ ಸ್ಟೈಲ್‌ಶೀಟ್ ಎನ್ನುತ್ತಾರೆ. ಅದನ್ನು ಬರೆಯುವ ಭಾಷೆ ಎಕ್ಸ್‌ಎಸ್‌ಎಲ್‌ಟಿ 1999ರಲ್ಲಿ ಅಂಗೀಕಾರ ಪಡೆಯಿತು. ಕಿಟೆಲರ ಪಟ್ಟಿ ಓದುಗರಿಗೆ ಮಾಡಿಕೊಟ್ಟ ಉಪಕಾರವನ್ನೇ ಇದು ಯಂತ್ರಕ್ಕೆ ಮಾಡಿಕೊಡುತ್ತದೆ.

ಗಿಡ್ಡ ಬರವಣಿಗೆ ಪಂಡಿತರ ಸೊತ್ತೇನಲ್ಲ. ನಮ್ಮತ್ತೆಯವರು ತೀರಿಕೊಂಡ ಮೇಲೆ ನನ್ನ ಕೈಗೆ ಬಂದ ಅವರ ಅಡುಗೆ ಪುಸ್ತಕದ ತುಂಬ ಅದೇ. 'ಮೆ. 6' ಎಂದಿದ್ದರೆ ಮೆಣಸು, 'ಮೆ. ಕಾಲು ಚಮಚ' ಎಂದಿದ್ದರೆ ಮೆಂತೆ. ಅಡುಗೆ ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ. ಯಂತ್ರಕ್ಕಾದರೆ 'ಬರಿಯ ಸಂಖ್ಯೆ ಇದ್ದರೆ ಹೀಗೆ, ಚಮಚವಿದ್ದರೆ ಹಾಗೆ' ಎಂದು ನಿಯಮವನ್ನೇ ಬರೆದುಕೊಡಬೇಕು. ಎಕ್ಸ್‌ಎಸ್‌ಎಲ್‌ಟಿಯಲ್ಲಿ ಅದಕ್ಕೂ ದಾರಿ ಇದೆ. ಆದರೆ ಗೊಜ್ಜಿನ ಪುಟದಲ್ಲಿ 'ಬೆ. ಸ್ವಲ್ಪ' ಎಂದಿದೆ. ಬೆಲ್ಲವೋ ಬೆಳ್ಳುಳ್ಳಿಯೋ? ಎರಡೂ ಹೊಂದುತ್ತವೆ. ಇದಕ್ಕೆ ಯಾವ ನಿಯಮ ಬರೆಯೋಣ? ಬಲ್ಲವರು ಒಬ್ಬರೇ ಇದ್ದರು.

ಕಿಟೆಲರು 1903ರಲ್ಲಿ ತೀರಿಕೊಂಡರು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆ ನಿಘಂಟನ್ನು ಮದರಾಸು ವಿಶ್ವವಿದ್ಯಾಲಯವು 1968ರಿಂದ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಇವತ್ತಿಗೂ 'ಟಿ-ಯು' ಎಂದರೇನೆಂದು ಕೇಳಲು ಕಿಟೆಲರೇ ಬರಬೇಕಾಗಿಲ್ಲ. ನಿಮ್ಮ ಅಡುಗೆ ಪುಸ್ತಕದ ಕೊನೆಯ ಹಾಳೆಯೂ ಖಾಲಿ ಇರಬಹುದು. ಅಂಥದ್ದೊಂದು ಪಟ್ಟಿಗೆ ಅಷ್ಟು ಜಾಗ ಸಾಕು.